ಹೊಂಡ ತುಂಬಿಸುವುದು ಒಂದೇ ಸಂಜೆಯ ಮಳೆ

ಬೆಂಗಳೂರಿನ ಸುತ್ತ, ಮಾಗಡಿ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ, ಬೋರ್‌ವೆಲ್ಲಿಗೆ ಪಾಯಿಂಟ್ ಮಾಡಿಸಿದ ಹಾಗೆ ಕೃಷಿ ಹೊಂಡಕ್ಕೂ ಮಾಡಿಸುವವರಿದ್ದಾರೆ. ಅಂಗೈ ಮೇಲಿನ ತೆಂಗಿನಕಾಯಿ ಎಲ್ಲಿ ಎದ್ದು ನಿಂತಿತೋ ಅಲ್ಲಿ ಜೆಸಿಬಿ ಇಳಿಯುತ್ತದೆ. ಕಾಯಿಯನ್ನು ಎಬ್ಬಿಸುವುದು ಹಿಡಿದವರ ಕೈಯ ಸಣ್ಣ ಅಲುಗಾಟ. ಅದಿರಲಿ, ಇಲ್ಲಿ ಹುಡುಕಾಟದ ದಿಕ್ಕೇ ತಪ್ಪು. ಈ ಸೀಮೆಯ ತಳದಲ್ಲಿರುವುದು ಲಾಲ್‌ಬಾಗ್ ಗುಡ್ಡದಂಥದೇ ನೈಸ್ (gneiss) ಎಂಬ ಗಟ್ಟಿ ಬಂಡೆ. ಅದರಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ, ಎಷ್ಟೋ ಕಡೆ ಸಾವಿರ ಅಡಿಗೂ ಕೆಳಗೆ. ಹತ್ತಡಿಯ ಹೊಂಡಕ್ಕೆ ಅದು ಎಟುಕುವ ಮಾತೇ ಇಲ್ಲ. ಹೊಂಡದ ನೀರು ಹೊಲದ ಮೇಲೆ ಹರಿದು ಬರಬೇಕು.

ಹಾಗೆಂದು ವರ್ಷದ ಮಳೆಯನ್ನು ಎಕರೆಯಿಂದ ಗುಣಿಸಿದರೂ ಮೋಸ ಹೋಗುತ್ತೀರಿ. ಒಂದು ಎಕರೆಗೆ 1 ಮಿ.ಮೀ. ಬಿದ್ದರೆ 4,047 ಲೀಟರ್, 900 ಮಿ.ಮೀ.ಗೆ 36 ಲಕ್ಷ ಲೀಟರ್! ಇದರಲ್ಲಿ ಬಹುಪಾಲು ಹರಿಯುವುದೇ ಇಲ್ಲ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿದ, ಬಿದ್ದ ಮಳೆಯಲ್ಲಿ ಎಷ್ಟು ಹರಿಯುತ್ತದೆಂದು ಹೇಳುವ ಕರ್ವ್ ನಂಬರ್ ಎಂಬ ಲೆಕ್ಕ ಇಂದಿಗೂ ಎಂಜಿನಿಯರುಗಳ ಕೈಯಲ್ಲಿದೆ. ಉತ್ತ ಕೆಂಪು ಮಣ್ಣಿನ ಹೊಲಕ್ಕೆ ಆ ಸಂಖ್ಯೆ 80 ಎಂದು ಹಿಡಿಯೋಣ; ಸಂಖ್ಯೆ ಹೆಚ್ಚಿದಷ್ಟೂ ಹರಿವು ಹೆಚ್ಚು. ಈ ಲೆಕ್ಕದಲ್ಲಿ ಮೊದಲ 12.7 ಮಿ.ಮೀ. ಎಲೆ, ಗುಂಡಿ, ಮೇಲ್ಮಣ್ಣಿಗೇ ಸರಿಹೋಗುತ್ತದೆ. ಆಮೇಲೆ ಬಿದ್ದದ್ದರಲ್ಲೂ ಮಣ್ಣು ತನ್ನ ಪಾಲು ಕುಡಿಯುತ್ತದೆ, ಆದರೆ ಆ ಪಾಲು ಕಮ್ಮಿಯಾಗುತ್ತಾ ಹೋಗುತ್ತದೆ.

ಇದರ ಫಲ ನೋಡಿ: 20 ಮಿ.ಮೀ. ಮಳೆಯಲ್ಲಿ ಹರಿಯುವುದು ಬರೀ 0.75 ಮಿ.ಮೀ., ಎಕರೆಗೆ ಮೂರು ಸಾವಿರ ಲೀಟರ್. ಅದೇ 60 ಮಿ.ಮೀ. ಒಂದೇ ಸಂಜೆ ಸುರಿದರೆ 20.2 ಮಿ.ಮೀ., ಎಂದರೆ ಸುಮಾರು 82 ಸಾವಿರ ಲೀಟರ್. ಮಳೆ ಮೂರು ಪಟ್ಟು, ಹರಿವು ಇಪ್ಪತ್ತೇಳು ಪಟ್ಟು! ವಾರಕ್ಕೊಮ್ಮೆ ಬರುವ ಹದವಾದ ಮಳೆ ರಾಗಿಗೆ ಒಳ್ಳೆಯದು, ಹೊಂಡಕ್ಕೆ ಅಷ್ಟಕ್ಕಷ್ಟೆ. ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಕೆಯ ಬೆಳೆಮನೆ) ಇದ್ದವರ ಲೆಕ್ಕವೇ ಬೇರೆ: ಸಾವಿರ ಚದರ ಮೀಟರ್ ಚಾವಣಿಗೆ 20 ಮಿ.ಮೀ. ಬಿದ್ದರೂ, ನೂರಕ್ಕೆ 85 ಪಾಲು ಸಿಕ್ಕರೆ, 17 ಸಾವಿರ ಲೀಟರ್ ಪೈಪಿಗೆ ಬರುತ್ತದೆ. ದೇವನಹಳ್ಳಿ ಕಡೆಯ ಗುಲಾಬಿ ಬೆಳೆಗಾರರು ಹೊಲಕ್ಕಿಂತ ಮೊದಲು ಚಾವಣಿಯ ನೀರು ಹಿಡಿಯುವ ದೋಣಿ ನೋಡಿಕೊಳ್ಳಲಿ.

ಹೊಂಡದ ಅಳತೆ ಇದರಿಂದಲೇ ಹೊರಡಬೇಕು. ಸಾಮಾನ್ಯವಾಗಿ ತೋಡುವ 21×21×3 ಮೀಟರ್ ಹೊಂಡಕ್ಕೆ ಇಳಿಜಾರು 1:1 (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಇಟ್ಟರೆ ತಳ 15×15. ಮೇಲಿನ ವಿಸ್ತೀರ್ಣ, ನಡುವಿನದರ ನಾಲ್ಕು ಪಟ್ಟು, ತಳದ್ದು, ಮೂರನ್ನೂ ಕೂಡಿಸಿ ಆರರಿಂದ ಭಾಗಿಸಿ ಆಳದಿಂದ ಗುಣಿಸಿ: 981 ಘನ ಮೀಟರ್, 9.8 ಲಕ್ಷ ಲೀಟರ್. 60 ಮಿ.ಮೀ.ನ ಅಂಥ ಎರಡು ಬಿರುಮಳೆಯಲ್ಲಿ ಇದು ತುಂಬಬೇಕಾದರೆ ಆರು ಎಕರೆ ಹರಿವು ಬೇಕು. ಎರಡೇ ಎಕರೆ ಇದ್ದವರಿಗೆ 12×12×3 ಸಾಕು; 2.5 ಲಕ್ಷ ಲೀಟರಿನಲ್ಲಿ ಒಂದು ಎಕರೆ ರಾಗಿಗೆ ತೆನೆ ಬರುವ ಹೊತ್ತಿಗೆ 50 ಮಿ.ಮೀ. ನೀರು ಕೊಟ್ಟು ಬೆಳೆ ಉಳಿಸಬಹುದು.

ಜಾಗ ಗುರುತಿಸಲು ಮಳೆ ಸುರಿಯುವಾಗಲೇ ಕೊಡೆ ಹಿಡಿದು ಹೊಲ ಸುತ್ತಬೇಕು. ಸಂಶಯವಿದ್ದ ಕಡೆ ಗಾರೆಯವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ನೋಡಿ. ಹಳ್ಳಕ್ಕೋ ರಾಜಕಾಲುವೆಗೋ ಅಡ್ಡ ಕಟ್ಟಿದರೆ ಅದು ಕೆಳಗಿನ ಕೆರೆಯ ಪಾಲನ್ನು ಕಿತ್ತುಕೊಂಡಂತೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿಗೆ ದೊಡ್ಡ ನದಿಯ ಆಸರೆ ಇರಲಿಲ್ಲ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಸೇರುವ ಸರಪಳಿಯನ್ನೇ ನಂಬಿ ಈ ಸೀಮೆ ಬದುಕಿತು. ಆ ಕೋಡಿಯ ಬುದ್ಧಿ ಹೊಂಡಕ್ಕೂ ಬೇಕು: ಹೊರಹರಿವಿನ ದಾರಿ ಒಳಹರಿವಿಗಿಂತ ಅಗಲವಾಗಿರಲಿ, ಬದುವಿನ ತಲೆಗಿಂತ ಒಂದಡಿಯಾದರೂ ತಗ್ಗಿನಲ್ಲಿರಲಿ. ಇಲ್ಲದಿದ್ದರೆ ನೀರು ಬದುವನ್ನು ಹತ್ತಿ ಹರಿದು ಮೂಲೆಯಲ್ಲಿ ಕೊರೆಯುತ್ತದೆ. ಒಳಬರುವ ಕಡೆ 2×1×1 ಮೀಟರಿನ ಹೂಳುಗುಂಡಿ, ಅಲ್ಲಿಂದ ಕೆಳಕ್ಕೆ ಕಲ್ಲು ಹಾಸು ಅಥವಾ ಪೈಪು.

ಕೆಂಪು ಮುರಂಬಿನಲ್ಲಿ ನೀರು ನಿಲ್ಲುವುದಿಲ್ಲ. 500 ಮೈಕ್ರಾನ್, ಎಂದರೆ ಅರ್ಧ ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಬೇಕು. 21 ಮೀಟರ್ ಹೊಂಡಕ್ಕೆ 21 ಮೀಟರ್ ಹಾಳೆ ತಂದವರು ಪೇಚಿಗೆ ಸಿಲುಕುತ್ತಾರೆ. ಇಳಿಜಾರಿನ ಉದ್ದ 4.24 ಮೀಟರ್, ಅದರ ಎರಡು ಪಟ್ಟಿಗೆ ತಳದ 15 ಸೇರಿಸಿ, ಅಂಚನ್ನು ಮಣ್ಣಲ್ಲಿ ಹೂಳಲು ಎರಡೂ ಕಡೆ ಒಂದೊಂದು ಮೀಟರ್ ಬಿಟ್ಟರೆ 25.5 ಮೀಟರ್ ಚೌಕ ಬೇಕು. ಅಂಚು ಸಡಿಲವಿದ್ದರೆ ಮಳೆನೀರು ಹಾಳೆಯ ಅಡಿಗೆ ನುಗ್ಗಿ ಅದನ್ನು ಎತ್ತಿಬಿಡುತ್ತದೆ. ಇನ್ನು ಬಿಸಿಲು: ದಿನಕ್ಕೆ 5 ಮಿ.ಮೀ. ಆವಿಯಾದರೂ ತುಂಬಿದ ಹೊಂಡದಿಂದ 2,200 ಲೀಟರ್ ಹೋಗುತ್ತದೆ. ನೀರನ್ನು ಬೇಸಿಗೆಗೆಂದು ಕೂಡಿಡುವುದಕ್ಕಿಂತ ಬೆಳೆ ಬಾಡುವಾಗಲೇ ಕೊಡುವುದು ಲಾಭ.

ಹಣ ಮುಗಿದಾಗ ಎಲ್ಲರೂ ಕೈಬಿಡುವುದು ಬೇಲಿಯನ್ನು. ಒದ್ದೆ ಹಾಳೆಯ 1:1 ಇಳಿಜಾರಿನಲ್ಲಿ ಈಜು ಬಲ್ಲವರೂ ಮೇಲೆ ಹತ್ತಲಾರರು, ಕಾಲಿಗೆ ಹಿಡಿತವೇ ಸಿಗದು. ಬೇಲಿಯ ದುಡ್ಡನ್ನು ಜೆಸಿಬಿ ಬರುವ ಮೊದಲೇ ಎತ್ತಿಡಿ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಬಿಗಿದು ತಳದವರೆಗೆ ಇಳಿಬಿಡಿ, ಜೊತೆಗೆ ಗಾಳಿ ತುಂಬಿದ ಹಳೆಯ ಲಾರಿ ಟ್ಯೂಬೊಂದು ನೀರಿನ ಮೇಲೆ ತೇಲುತ್ತಿರಲಿ.