ಸಂಘ ರಿಜಿಸ್ಟರ್ ಆಗಿಲ್ಲ, ನಮ್ಮ ದೊಡ್ಡಾಟದ ತಂಡಕ್ಕೆ ಧನಸಹಾಯ ಸಿಗುತ್ತಾ?

ಓದುಗರ ಪ್ರಶ್ನೆ: ನಮ್ಮೂರಿನ ದೊಡ್ಡಾಟದ (ಉತ್ತರ ಕರ್ನಾಟಕದ ಒಂದು ಬಗೆಯ ಬಯಲಾಟ) ತಂಡದಲ್ಲಿ ಹೆಚ್ಚಿನವರು 50 ದಾಟಿದವರು. ಮಾಸ್ತರಿಗೆ 70. ಈ ವರ್ಷ ಊರಿನ ಹುಡುಗರಿಗೆ ಆಟ ಕಲಿಸಬೇಕು ಅಂತ ಮಾತಾಡಿಕೊಂಡಿದ್ದೇವೆ. ಸಂಘ ರಿಜಿಸ್ಟರ್ ಆಗಿಲ್ಲ. ಲಕ್ಷಗಟ್ಟಲೆ ಏನೂ ಬೇಡ, ಐವತ್ತು ಅರವತ್ತು ಸಾವಿರ ಸಿಕ್ಕರೆ ಸಾಕು. ಯಾರನ್ನು ಕೇಳಬೇಕು? ಅರ್ಜಿಯಲ್ಲಿ ಏನು ಬರೆಯಬೇಕು?

ಉತ್ತರ: ಸಿಗಬಹುದು. ಆದರೆ ಎಲ್ಲಿ ಕೇಳಬೇಕು ಅನ್ನುವುದಕ್ಕೆ ಮೊದಲು ಯಾರ ಹೆಸರಲ್ಲಿ ಕೇಳಬೇಕು ಅನ್ನೋದು ತೀರ್ಮಾನ ಆಗಬೇಕು. ಅದಕ್ಕೂ ಮೊದಲು ಇನ್ನೊಂದು ಗೊಂದಲ ಬಿಡಿಸಿಕೊಳ್ಳೋಣ.

ನಮ್ಮ ಕಡೆ ಪ್ರಶಸ್ತಿ, ಮಾಸಾಶನ, ಧನಸಹಾಯ ಈ ಮೂರನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ಪ್ರಶಸ್ತಿ ಕೊಡುವುದು ಮಾಡಿ ಮುಗಿಸಿದ ಕೆಲಸಕ್ಕೆ. ಮಾಸಾಶನ ಸಲ್ಲುವುದು ವಯಸ್ಸಾದ, ಕಷ್ಟದಲ್ಲಿರುವ ಕಲಾವಿದರಿಗೆ. ರಾಜ್ಯದಲ್ಲಿ 58 ತುಂಬಿದವರು ಅರ್ಜಿ ಹಾಕಬಹುದು, ನಿಮ್ಮ ಮಾಸ್ತರು ಇನ್ನೂ ಹಾಕಿಲ್ಲದಿದ್ದರೆ ಅದನ್ನು ಬೇರೆಯಾಗಿಯೇ ಹಾಕಿಸಿ. ಧನಸಹಾಯ ಮಾತ್ರ ಮುಂದೆ ಮಾಡಲಿರುವ ಕೆಲಸಕ್ಕೆ. ಹಾಗಾಗಿ "ನಾವು 40 ವರ್ಷದಿಂದ ನಿಸ್ವಾರ್ಥ ಕಲಾಸೇವೆ ಮಾಡುತ್ತಾ ಬಂದಿದ್ದೇವೆ" ಅನ್ನುವ ಸಾಲು ಪ್ರಶಸ್ತಿ ಅರ್ಜಿಗೆ ಒಪ್ಪುತ್ತದೆ. ಧನಸಹಾಯದ ಅರ್ಜಿ ಓದುವವರು ಆ ಸಾಲು ದಾಟಿ, "ಸರಿ, ಈಗ ಏನು ಮಾಡ್ತೀರಿ?" ಅಂತ ಹುಡುಕುತ್ತಾರೆ. ಎಷ್ಟೋ ಅರ್ಜಿಗಳಲ್ಲಿ ಅದೇ ಇರುವುದಿಲ್ಲ.

ಈಗ ಹೆಸರಿನ ವಿಷಯ. ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಸಾಂಸ್ಕೃತಿಕ ಚಟುವಟಿಕೆಗೆ, ವಾದ್ಯ ಪರಿಕರ ಮತ್ತು ವೇಷಭೂಷಣ ಕೊಳ್ಳಲು, ಚಿತ್ರ ಶಿಲ್ಪಗಳ ಪ್ರದರ್ಶನಕ್ಕೆ ಇದು ಸಿಗುತ್ತದೆ. ಅರ್ಜಿಯನ್ನು ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡದ ಕಲಾವಿದರಿಗೆ ವಿಶೇಷ ಘಟಕ ಯೋಜನೆ ಮತ್ತು ಗಿರಿಜನ ಉಪಯೋಜನೆಯ ಹಣ ಬೇರೆಯೇ ಇದೆ. ನಿಮ್ಮ ಜಿಲ್ಲೆಯ ಸಹಾಯಕ ನಿರ್ದೇಶಕರ ಕಚೇರಿಗೆ ಒಮ್ಮೆ ಹೋಗಿ ಬನ್ನಿ, ಯಾವ ಯೋಜನೆಗೆ ಯಾವಾಗ ಅರ್ಜಿ ಕರೆಯುತ್ತಾರೆ ಅನ್ನೋದು ಅಲ್ಲಿ ಸರಿಯಾಗಿ ತಿಳಿಯುತ್ತದೆ. ಇನ್ನು ಬಯಲಾಟಕ್ಕೆ ಅಂತಲೇ ಕರ್ನಾಟಕ ಬಯಲಾಟ ಅಕಾಡೆಮಿ ಇದೆ, ಬಾಗಲಕೋಟೆಯಲ್ಲಿ. ಕಲಿಕೆಯ ಶಿಬಿರದ ವಿಷಯ ಅವರ ಕಿವಿಗೂ ಹಾಕಿ.

ಆದರೆ ಸಂಘಕ್ಕೆ ಕೊಡುವ ಹಣಕ್ಕೆ ನೋಂದಣಿ ಕೇಳುತ್ತಾರೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಏಳು ಜನ ಸೇರಿದರೆ ಸಂಘ ಮಾಡಬಹುದು. ಮಾಡೋದು ಕಷ್ಟವಲ್ಲ, ನಡೆಸೋದು ಕಷ್ಟ. ಪ್ರತಿ ವರ್ಷ ಸಭೆ, ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ, ಎಲ್ಲವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಊರಿಗೊಂದು ಕಲಾ ಸಂಘ ರಿಜಿಸ್ಟರ್ ಆಗಿ, ಮೂರನೇ ವರ್ಷಕ್ಕೆ ಅದರ ರಬ್ಬರ್ ಸ್ಟಾಂಪ್ ಯಾರ ಮನೆಯಲ್ಲಿದೆ ಅನ್ನೋದೇ ಗೊತ್ತಿಲ್ಲದ ಸ್ಥಿತಿ ನೋಡಿದ್ದೇನೆ. ಇದೊಂದೇ ಅರ್ಜಿಗಾಗಿ ಗಡಿಬಿಡಿಯಲ್ಲಿ ಸಂಘ ಕಟ್ಟಬೇಡಿ. ಹೊಸ ಸಂಘಕ್ಕೆ ಮರುದಿನವೇ ಹಣ ಸಿಗುವುದೂ ಇಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದಲ್ಲಿ ಕಾರ್ಯಕ್ರಮ ಮತ್ತು ಹೊಸ ಪ್ರಯೋಗಗಳಿಗೆ 5 ಲಕ್ಷದವರೆಗೆ ಕೊಡುವ ಯೋಜನೆ ಇದೆ. ಅಲ್ಲಿ ಸಂಸ್ಥೆ ನೋಂದಣಿಯಾಗಿ 3 ವರ್ಷ ಆಗಿರಬೇಕು, ಜೊತೆಗೆ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಕೇಂದ್ರದ ದರ್ಪಣ್ ಪೋರ್ಟಲ್‌ನ ಸಂಖ್ಯೆಯೂ ಬೇಕು. ಅರವತ್ತು ಸಾವಿರ ಬೇಕಾದವರಿಗೆ ಅಷ್ಟು ದೂರ ಯಾಕೆ?

ನೋಂದಣಿ ಇಲ್ಲದವರಿಗೆ ಇರುವ ದಾರಿ ಅಂದರೆ ವ್ಯಕ್ತಿಯ ಹೆಸರಲ್ಲಿ ಕೇಳುವುದು. ಬೆಂಗಳೂರಿನಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅಂತ ಒಂದು ಸಂಸ್ಥೆ ಇದೆ. 1993ರಲ್ಲಿ ಶುರುವಾಯಿತು. ಸರ್ಕಾರದ್ದಲ್ಲ. ಕಲಾವಿದರಿಗೆ, ಸಂಶೋಧಕರಿಗೆ, ಶಿಕ್ಷಕರಿಗೆ ಅವರವರ ಹೆಸರಲ್ಲೇ ಅನುದಾನ ಕೊಡುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಇದು ಸಣ್ಣ ವಿಷಯವಲ್ಲ, ಎಷ್ಟೋ ಒಳ್ಳೆ ಕಲಾವಿದರು ಇಂಗ್ಲಿಷ್ ಫಾರಂ ನೋಡಿಯೇ ಹಿಂದೆ ಸರಿದಿದ್ದಾರೆ.

ಈ ಸಂಸ್ಥೆಯ ಕಾರ್ಯಕ್ರಮಗಳಲ್ಲಿ ನಿಮ್ಮ ಕೆಲಸಕ್ಕೆ ಸರಿಹೊಂದುವುದು "ಕಲಿ ಕಲಿಸು". ಇದು ಕರ್ನಾಟಕದ ಶಾಲೆಗಳಿಗೆ ಸಂಬಂಧಪಟ್ಟದ್ದು. ಸರ್ಕಾರಿ ಶಾಲೆಯ ಶಿಕ್ಷಕರು ಊರಿನ ಕಲೆ, ಕಸುಬು, ಕಥೆಗಳನ್ನು ತರಗತಿಯ ಪಾಠದ ಜೊತೆ ಸೇರಿಸಿ ಕಲಿಸುವ ಯೋಜನೆ ಮಾಡಿದರೆ ಅದಕ್ಕೆ ಅನುದಾನ ಕೊಡುತ್ತಾರೆ. ನಿಮ್ಮೂರ ಶಾಲೆಯಲ್ಲಿ ಆಸಕ್ತಿ ಇರುವ ಮೇಷ್ಟ್ರೋ ಟೀಚರ್ರೋ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಅವರ ಹೆಸರಲ್ಲಿ ಅರ್ಜಿ ಹೋಗಲಿ, ನಿಮ್ಮ ಮಾಸ್ತರು ಶಾಲೆಯಲ್ಲಿ ಕಲಿಸಲಿ. ಐದು, ಆರನೇ ಕ್ಲಾಸಿನ ಮಕ್ಕಳು ದೊಡ್ಡಾಟದ ಮಾತು ಬಾಯಿಪಾಠ ಮಾಡಿದರೆ ಅವರ ಕನ್ನಡ ಓದು ಎಷ್ಟು ಸುಧಾರಿಸುತ್ತದೆ ಅನ್ನೋದು ಪಾಠ ಮಾಡುವವರಿಗೆ ಚೆನ್ನಾಗಿ ಗೊತ್ತು. ನನ್ನನ್ನು ಕೇಳಿದರೆ ಮೊದಲು ತಟ್ಟಬೇಕಾದ ಬಾಗಿಲು ಇದೇ.

ತಂಡದಲ್ಲಿ ವರ್ಷಗಟ್ಟಲೆ ಕಲಿತ 18ರಿಂದ 25ರೊಳಗಿನ ಹುಡುಗ ಅಥವಾ ಹುಡುಗಿ ಯಾರಾದರೂ ಇದ್ದರೆ ಇನ್ನೊಂದು ಅವಕಾಶ ಇದೆ. ಕೇಂದ್ರ ಸರ್ಕಾರ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ಜನಪದ ಕಲೆಗಳೂ ಅದರಲ್ಲಿ ಸೇರಿವೆ. ಆದರೆ ಇದು ದೇಶಕ್ಕೆಲ್ಲ ಸೇರಿ ವರ್ಷಕ್ಕೆ 400, ಅಷ್ಟೇ. ಹಾಕಿ ಮರೆತುಬಿಡಿ, ಬಂದರೆ ಬಂತು.

ಇಷ್ಟು ಬಾಗಿಲುಗಳ ಮಾತಾಯಿತು. ನನಗೆ ಹೇಳಬೇಕಾಗಿರುವ ನಿಜವಾದ ವಿಷಯ ಖರ್ಚಿನ ಪಟ್ಟಿಯದ್ದು.

ಒಮ್ಮೆ ಒಂದು ತಂಡದ ಜೊತೆ ಗುಡಿ ಕಟ್ಟೆಯ ಮೇಲೆ ಕೂತು ಅರ್ಜಿ ಬರೆಯುತ್ತಿದ್ದೆ. ಮದುವೆ ಕಾರ್ಡಿನ ಹಿಂದೆ ಖರ್ಚು ಬರೆಸಿದರು. ಶಾಮಿಯಾನ, ಮೈಕ್‌ಸೆಟ್, ಫ್ಲೆಕ್ಸ್, ಅತಿಥಿಗಳಿಗೆ ಶಾಲು, ಹಾರ, ನೆನಪಿನ ಕಾಣಿಕೆ, ಊಟ, ಅತಿಥಿಗಳ ಕಾರಿನ ಡೀಸೆಲ್. ಕಾರ್ಡು ತುಂಬಿತು. "ಮಾಸ್ತರಿಗೆ ಎಷ್ಟು?" ಅಂದೆ. "ಅವರು ನಮ್ಮವರೇ ಬಿಡ್ರೀ" ಅಂದರು. ಮಾಸ್ತರು ಅಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

ನಮ್ಮ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಕಲೆಗೆ ಅಂತ ಕೇಳಿದ ದುಡ್ಡಿನ ಪಟ್ಟಿಯಲ್ಲಿ ಕಲಾವಿದರೇ ಇರುವುದಿಲ್ಲ. ಇರುವುದು ಒಂದು ಸಂಜೆಯ ಸಮಾರಂಭ. ಮಾಸ್ತರು ಎರಡು ತಿಂಗಳು ದಿನಾ ಸಂಜೆ ಬಂದು ತಾಲೀಮು ಮಾಡಿಸಿದ್ದು, ಮದ್ದಳೆಯವರು ಕೂಲಿ ಬಿಟ್ಟು ಬಂದು ಬಾರಿಸಿದ್ದು ಯಾವುದೂ ಕಾಗದದ ಮೇಲೆ ಬರುವುದಿಲ್ಲ. ಓದುವವರಿಗೆ ಇದು ಕಲಿಸುವ ಯೋಜನೆ ಅಂತ ಹೇಗೆ ಗೊತ್ತಾಗಬೇಕು?

ನಿಮ್ಮ ಲೆಕ್ಕ ಹೀಗೆ ಹಾಕಿ ನೋಡೋಣ. 12 ಮಕ್ಕಳು, 10 ವಾರ, ವಾರಕ್ಕೆ 2 ದಿನ. ಅಂದರೆ 20 ತಾಲೀಮು. ಮಾಸ್ತರಿಗೆ ದಿನಕ್ಕೆ 1,000ದಂತೆ 20,000. ಮದ್ದಳೆಯವರಿಗೆ 600ರಂತೆ 12,000. ಮದ್ದಳೆಗೆ ಹೊಸ ಚರ್ಮ ಕಟ್ಟಿಸಲು 4,000. ತಾಲೀಮಿನ ದಿನ ಮಕ್ಕಳಿಗೆ ಚುರುಮುರಿ, ಚಹಾ 300ರಂತೆ 6,000. ಇದನ್ನು ಬಿಡಬೇಡಿ, ಹಸಿದ ಮಗು ಮೂರನೇ ದಿನ ಬರುವುದಿಲ್ಲ. ಕೊನೆಗೊಂದು ಆಟ. ಕಿರೀಟ, ಭುಜಕೀರ್ತಿ, ಬಟ್ಟೆ ಬಾಡಿಗೆಗೆ 8,000. ಮೈಕು, ಲೈಟಿಗೆ 7,000. ವಿಡಿಯೋಗೆ 3,000. ಒಟ್ಟು 60,000. ದರ ನಾನು ಅಂದಾಜಿನಲ್ಲಿ ಹಾಕಿದ್ದು, ನಿಮ್ಮೂರಿನ ದರ ನೀವು ಹಾಕಿಕೊಳ್ಳಿ. ಅರ್ಧಕ್ಕಿಂತ ಜಾಸ್ತಿ ದುಡ್ಡು ಕಲಿಸುವವರಿಗೆ ಹೋಗುತ್ತಿದೆ ಅನ್ನೋದನ್ನು ಗಮನಿಸಿ. ಶಾಲು, ಹಾರ ಬೇಕೇ ಬೇಕು ಅಂದರೆ ಊರವರೇ ಹಾಕಲಿ, ಅದಕ್ಕೆ ಯಾವತ್ತೂ ಜನ ಇರುತ್ತಾರೆ.

ಈ ಪಟ್ಟಿ ಸರಿಯಾದರೆ ಅರ್ಜಿ ತಾನಾಗಿಯೇ ಬರೆದುಕೊಳ್ಳುತ್ತದೆ. ಯಾವ ಪ್ರಸಂಗ, ಯಾವ ಮಕ್ಕಳು, ಎಲ್ಲಿ ತಾಲೀಮು, ಯಾರು ಕಲಿಸುತ್ತಾರೆ, ಕೊನೆಯ ಆಟ ಯಾವಾಗ. ಒಂದೂವರೆ ಪುಟ ಸಾಕು. "ನಶಿಸಿ ಹೋಗುತ್ತಿರುವ ಕಲೆ" ಅಂತ ಶುರು ಮಾಡಬೇಡಿ ಅಂತ ಬೇಡಿಕೊಳ್ಳುತ್ತೇನೆ. ಎಲ್ಲ ಅರ್ಜಿಗಳೂ ಹಾಗೇ ಶುರುವಾಗುತ್ತವೆ. ಅದರ ಬದಲು "ನಮ್ಮ ತಂಡದಲ್ಲಿ ಸಾರಥಿಯ ಪಾತ್ರ ಮಾಡಬಲ್ಲವರು ಈಗ ಒಬ್ಬರೇ ಉಳಿದಿದ್ದಾರೆ, ಅವರಿಗೆ 70" ಅಂತ ಬರೆಯಿರಿ. ನಿಮ್ಮಲ್ಲಿ ಇರುವ ನಿಜ ಯಾವುದೋ ಅದನ್ನು ಬರೆಯಿರಿ.

ಇನ್ನು ಬಿಲ್ಲಿನ ಮಾತು. ಇದರಲ್ಲಿ ನಾನೇ ಎಡವಿದ್ದೇನೆ. ಒಂದು ಯೋಜನೆಗೆ ಹಣ ಖಂಡಿತ ಬರುತ್ತದೆ ಅನ್ನುವ ಧೈರ್ಯದಲ್ಲಿ ಮಂಜೂರಾತಿ ಪತ್ರ ಬರುವ ಮೊದಲೇ ವಾದ್ಯ ರಿಪೇರಿ ಮಾಡಿಸಿಬಿಟ್ಟೆ. ಬಿಲ್ಲಿನ ತಾರೀಕು ಪತ್ರದ ತಾರೀಕಿಗಿಂತ ಮೂರು ವಾರ ಹಿಂದಿನದು. ಲೆಕ್ಕ ನೋಡಿದವರು ಅದನ್ನು ಒಪ್ಪಲಿಲ್ಲ. ಅವರದೇನೂ ತಪ್ಪಿಲ್ಲ, ತಪ್ಪು ನನ್ನದೇ. ಆ ದುಡ್ಡು ನನ್ನ ಜೇಬಿನಿಂದ ಹೋಯಿತು. ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಆ ಲೆಕ್ಕದಲ್ಲಿ ಖರ್ಚು ಮಾಡಬೇಡಿ.

ಮದ್ದಳೆ ಕಟ್ಟುವವರ ಹತ್ತಿರ, ಚುರುಮುರಿ ಅಂಗಡಿಯಲ್ಲಿ ಬಿಲ್ ಬುಕ್ ಎಲ್ಲಿರುತ್ತದೆ ಅಂತ ಕೇಳುತ್ತೀರಿ. ಇರುವುದಿಲ್ಲ. ಒಂದು ವೋಚರ್ ಪುಸ್ತಕ ಕೊಂಡುಕೊಳ್ಳಿ. ಹೆಸರು, ಊರು, ಏನು ಕೆಲಸ, ಎಷ್ಟು ಹಣ, ತಾರೀಕು, ಸಹಿ ಅಥವಾ ಹೆಬ್ಬೆಟ್ಟು. 5,000 ರೂಪಾಯಿ ದಾಟಿದ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ. ಮಾಸ್ತರಿಗೆ ಕೊಡುವ ಹಣವನ್ನು ಅವರ ಬ್ಯಾಂಕ್ ಖಾತೆಗೇ ಹಾಕಿ. ತಾಲೀಮಿನ ದಿನ ಮಕ್ಕಳ ಹಾಜರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ತಿಂಗಳಿಗೆ ಎರಡು ಫೋಟೋ ತೆಗೆಯಿರಿ. ಕೊನೆಗೆ ಹಣಬಳಕೆ ಪ್ರಮಾಣಪತ್ರ ಕೇಳಿದಾಗ ಹುಡುಕಾಡುವ ಕೆಲಸ ಇರುವುದಿಲ್ಲ. ಸರ್ಕಾರದ ಹಣ ಕೆಲವೊಮ್ಮೆ ಕಾರ್ಯಕ್ರಮ ಮುಗಿದು ತಿಂಗಳುಗಳಾದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಕೈಯಿಂದ ಹಾಕುವವರು ಯಾರು ಅನ್ನೋದನ್ನು ಮೊದಲೇ ಮಾತಾಡಿಕೊಳ್ಳಿ. ಸಾಲ ಮಾಡಿ ಆಟ ಆಡಿಸುವುದು ಬೇಡ.

ಹಾಗಂತ ಸುಮ್ನೆ ಹೊರಗಿನ ದುಡ್ಡನ್ನೇ ನೆಚ್ಚಿಕೊಂಡು ಕೂರಬೇಕಿಲ್ಲ. ಧನಸಹಾಯ ಅನ್ನುವ ಸರ್ಕಾರಿ ಪದ ಬರುವ ಮೊದಲೂ ಆಟಗಳು ನಡೆದಿವೆ. ಕರಾವಳಿಯಲ್ಲಿ ಕಟೀಲು ಯಕ್ಷಗಾನ ಮೇಳದ ಆಟಗಳನ್ನು ಇವತ್ತಿಗೂ ಭಕ್ತರು ಹರಕೆಯಾಗಿ ಆಡಿಸುತ್ತಾರೆ, ಒಂದು ರಾತ್ರಿಯ ಖರ್ಚು ಒಂದು ಮನೆಯದ್ದು. ಮಂಡ್ಯ, ತುಮಕೂರು ಕಡೆ ಪೌರಾಣಿಕ ನಾಟಕ ಮಾಡುವ ಹವ್ಯಾಸಿಗಳು ಪಾತ್ರಕ್ಕೆ ಇಂತಿಷ್ಟು ಅಂತ ತಾವೇ ದುಡ್ಡು ಹಾಕುತ್ತಾರೆ. ದುರ್ಯೋಧನನ ಪಾತ್ರಕ್ಕೂ ದ್ವಾರಪಾಲಕನ ಪಾತ್ರಕ್ಕೂ ರೇಟು ಒಂದೇ ಅಲ್ಲ! ಸೀನ್ಸ್ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಬಳ ಎಲ್ಲ ಅದರಲ್ಲೇ. ನಿಮ್ಮ ಕಡೆ ಪಟ್ಟಿ ಎತ್ತುವ, ಅಂದರೆ ಊರವರಿಂದ ಚಂದಾ ಕೂಡಿಸುವ ರೂಢಿ ಇದ್ದೇ ಇದೆ. ಕೊನೆಯ ಆಟದ ಮೈಕು, ಲೈಟು, ವೇಷದ 15,000 ಊರಿನ ಪಟ್ಟಿಯಿಂದ ಬರಲಿ. "ಇಷ್ಟು ನಾವು ಹಾಕುತ್ತೇವೆ, ಕಲಿಕೆಯ ಖರ್ಚು ನೀವು ಕೊಡಿ" ಅಂತ ಅರ್ಜಿಯಲ್ಲಿ ಬರೆದರೆ ಅದಕ್ಕೊಂದು ತೂಕ ಬರುತ್ತದೆ.

ಊರಿನಿಂದ ಅಮೆರಿಕಕ್ಕೋ ದುಬೈಗೋ ಹೋದವರು ಕಳಿಸುತ್ತೇವೆ ಅಂದರೆ? ಒಂದು ಎಚ್ಚರ ಇರಲಿ. ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡಿರುವವರು ಬ್ಯಾಂಕ್ ಮೂಲಕ ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರು ಕೊಟ್ಟದ್ದು ಅಥವಾ ಅಲ್ಲಿನ ಕನ್ನಡ ಕೂಟ ಕೊಟ್ಟದ್ದು ವಿದೇಶಿ ದೇಣಿಗೆ ಆಗುತ್ತದೆ. ಅದಕ್ಕೆ 2010ರ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. ನಮ್ಮ ಹುಡುಗನೇ ಅಲ್ವಾ ಅಂತ ಖಾತೆಗೆ ಹಾಕಿಸಿಕೊಂಡು ಆಮೇಲೆ ಒದ್ದಾಡಬೇಡಿ.

ಕೊನೆಯದು. ಅರ್ಜಿ ಹಾಕುವುದಕ್ಕೂ ಉತ್ತರ ಬರುವುದಕ್ಕೂ ಕೆಲವು ತಿಂಗಳು ಹಿಡಿಯುತ್ತದೆ. ಮಾಸ್ತರಿಗೆ 70 ಅಂದಿರಿ. ಈ ವಾರವೇ ಅವರನ್ನು ಗದ್ದಲ ಇಲ್ಲದ ಕಡೆ ಕೂರಿಸಿ, ಫ್ಯಾನ್ ಆಫ್ ಮಾಡಿ, ಗೊತ್ತಿರುವ ಆಟದ ಹಾಡುಗಳನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮದ್ದಳೆಯವರೂ ಜೊತೆಗಿರಲಿ. ಅದರಲ್ಲೇ ಒಂದು ಮೂರು ನಿಮಿಷದ ತುಣುಕನ್ನು ಅರ್ಜಿಯ ಜೊತೆ ಕಳಿಸಿದರಾಯಿತು.