ತೀರ್ಪಿಗೂ ಗರಗಸಕ್ಕೂ ನಡುವಿನ ಕೆಲವೇ ಗಂಟೆಗಳು: ಮುಂಬೈನ ಆರೆ ಹೋರಾಟದ ಹಿನ್ನೆಲೆ

ಮುಂಬೈನ ಗೋರೆಗಾಂವ್‌ನಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ತಾಗಿಕೊಂಡಿರುವ ಆರೆ, 1949ರಲ್ಲಿ ನಗರದ ಎಮ್ಮೆ ಕೊಟ್ಟಿಗೆಗಳನ್ನು ಒಂದೆಡೆಗೆ ತರಲು ರೂಪುಗೊಂಡ ಹಾಲಿನ ಕಾಲೊನಿ. ವಾರ್ಲಿ ಆದಿವಾಸಿಗಳ ಹಾಡಿಗಳು, ಚಿರತೆಗಳ ಓಡಾಟ, ಮೀಠಿ ನದಿಗೆ ನೀರು ಹರಿದು ಸೇರುವ ತಗ್ಗು ಇವೆಲ್ಲ ಅಲ್ಲಿದ್ದರೂ, ಸರಕಾರಿ ಕಡತಗಳಲ್ಲಿ ಅದು ಕಾಡು ಎಂದು ದಾಖಲಾಗಿರಲಿಲ್ಲ. ಮೆಟ್ರೊ ಡಿಪೊಗಾಗಿ ಅಲ್ಲಿನ ಮರಗಳನ್ನು ಕಡಿಯುವುದನ್ನು ವಿರೋಧಿಸಿ 2019ರಲ್ಲಿ ನಗರದ ಯುವಜನರು ಬೀದಿಗಿಳಿದಾಗ ಎದುರಿಸಬೇಕಾಗಿ ಬಂದದ್ದು ಮುಖ್ಯವಾಗಿ ಈ ಕೊರತೆಯನ್ನೇ.

ಕೊಲಾಬಾ, ಬಾಂದ್ರಾ, ಸೀಪ್ಜ್ (ರಫ್ತು ಕೈಗಾರಿಕಾ ವಲಯ) ಇವುಗಳನ್ನು ನೆಲದಡಿಯಲ್ಲಿ ಜೋಡಿಸುವ 33.5 ಕಿಲೋಮೀಟರ್ ಉದ್ದದ ಮೆಟ್ರೊ ಮಾರ್ಗಕ್ಕೆ ರೈಲು ನಿಲುಗಡೆಯ ಡಿಪೊ ಬೇಕಿತ್ತು. ಆರೆಯನ್ನು ಅದಕ್ಕಾಗಿ ಆಯ್ದುಕೊಂಡಾಗಲೇ ವಿರೋಧ ಹುಟ್ಟಿತ್ತು. ಆದರೆ ಮೊದಲ ವರ್ಷಗಳಲ್ಲಿ ಅದು ಆದಿವಾಸಿಗಳು, ಸ್ಥಳೀಯ ನಿವಾಸಿಗಳು ಮತ್ತು ಪರಿಸರವಾದಿಗಳ ಹೋರಾಟವಾಗಿತ್ತು. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ಉಕ್ಕಿದ್ದನ್ನು ಬಾಲ್ಯದಲ್ಲಿ ಕಂಡವರು 2019ರ ಹೊತ್ತಿಗೆ ಕಾಲೇಜಿನಲ್ಲಿದ್ದರು. ಡಿಪೊಗಾಗಿ ನದಿಯ ಬಯಲಿಗೆ ಮಣ್ಣು ತುಂಬುವುದು ಹವಾಮಾನದ ಪ್ರಶ್ನೆಯೂ ಹೌದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಗಸ್ಟ್ 29ರಂದು ಮಹಾನಗರ ಪಾಲಿಕೆಯ ವೃಕ್ಷ ಪ್ರಾಧಿಕಾರವು 2,185 ಮರಗಳನ್ನು ಕಡಿಯಲು ಮತ್ತು 461 ಮರಗಳನ್ನು ಬೇರೆಡೆ ನೆಡಲು ಒಪ್ಪಿತು. ನಂತರದ ಭಾನುವಾರಗಳಲ್ಲಿ ಆರೆಯ ರಸ್ತೆಯಂಚಿನ ಮಾನವ ಸರಪಳಿ ಬೆಳೆಯುತ್ತಲೇ ಹೋಯಿತು. ಸೆಪ್ಟೆಂಬರ್ 20ರಂದು ಆರಂಭವಾದ ಜಾಗತಿಕ ಹವಾಮಾನ ಮುಷ್ಕರದ ವಾರದಲ್ಲಿ ಮುಂಬೈನ ವಿದ್ಯಾರ್ಥಿಗಳು ಜಗತ್ತಿನ ಮಾತನ್ನು ತಮ್ಮ ಊರಿನ ಮರಗಳ ಮೂಲಕ ಆಡಿದರು.

ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಮರ ಕಡಿತದ ವಿರುದ್ಧದ ಅರ್ಜಿಗಳನ್ನು ವಜಾಗೊಳಿಸಿತು. ಅದೇ ರಾತ್ರಿ ಯಂತ್ರಗಳು ಆರೆಗೆ ಬಂದವು. ಮೊಬೈಲ್ ವಿಡಿಯೊಗಳನ್ನು ಕಂಡು ಓಡಿಬಂದ ಯುವಕ ಯುವತಿಯರನ್ನು ಪೊಲೀಸರು ತಡೆದರು. ಮರುದಿನ 144ನೇ ಸೆಕ್ಷನ್ ಜಾರಿಯಾಯಿತು. ವಿದ್ಯಾರ್ಥಿಗಳೂ ಸೇರಿ 29 ಮಂದಿ ಬಂಧನಕ್ಕೊಳಗಾಗಿ, ಬಳಿಕ ಜಾಮೀನಿನ ಮೇಲೆ ಹೊರಬಂದರು. ಅನುಮತಿ ಪತ್ರ ಸೆಪ್ಟೆಂಬರ್ 13ರದ್ದು, ಕಾನೂನು ಹೇಳುವ 15 ದಿನಗಳ ಕಾಯುವಿಕೆ 28ಕ್ಕೇ ಮುಗಿದಿದೆ ಎಂಬುದು ಮೆಟ್ರೊ ನಿಗಮದ ವಾದ. ಲೆಕ್ಕ ಸರಿಯಿದ್ದೀತು. ಆದರೆ ಮೇಲ್ಮನವಿಯ ಬಾಗಿಲು ತೆರೆಯುವ ಮೊದಲೇ ರಾತ್ರೋರಾತ್ರಿ ಮರ ಉರುಳಿಸಿದರೆ, ಮರಳಿ ತರಲಾಗದ ವಸ್ತುವಿನ ವಿಷಯದಲ್ಲಿ ಮೇಲ್ಮನವಿಯ ಹಕ್ಕಿಗೆ ಅರ್ಥವೇ ಉಳಿಯುವುದಿಲ್ಲ. ಯುವಜನರ ಆಕ್ರೋಶ ನನಗೆ ನ್ಯಾಯವಾದದ್ದೆಂದು ತೋರುವುದು ಈ ಕಾರಣಕ್ಕೆ.

ದಸರಾ ರಜೆಯಲ್ಲಿದ್ದ ಸುಪ್ರೀಂ ಕೋರ್ಟನ್ನು ತಲುಪಿದ್ದು ಕಾನೂನು ವಿದ್ಯಾರ್ಥಿಗಳು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಒಂದು ಪತ್ರ. ನ್ಯಾಯಾಲಯ ಅದನ್ನೇ ಅರ್ಜಿಯಾಗಿ ಪರಿಗಣಿಸಿತು, ಅಕ್ಟೋಬರ್ 7ರಂದು ವಿಶೇಷ ಪೀಠ ಕುಳಿತು ಕಡಿತವನ್ನು ನಿಲ್ಲಿಸಿತು. ಅಷ್ಟರಲ್ಲಿ 2,141 ಮರಗಳು ಉರುಳಿದ್ದವು.

ಮುಂದಿನ ತಿಂಗಳುಗಳಲ್ಲಿ ರಾಜಕೀಯ ಬದಲಾಯಿತು. ಹೊಸ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ನವೆಂಬರ್ 29ರಂದು ಡಿಪೊ ಕಾಮಗಾರಿಗೆ ತಡೆ ನೀಡಿ, ಕೆಲ ದಿನಗಳಲ್ಲೇ ಹೋರಾಟಗಾರರ ಮೇಲಿನ ಮೊಕದ್ದಮೆಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿದರು. 2020ರ ಅಕ್ಟೋಬರ್‌ನಲ್ಲಿ, ಹೋರಾಟಕ್ಕೆ ವರ್ಷ ತುಂಬಿದಾಗ, ಡಿಪೊವನ್ನು ಮುಂಬೈನ ಪೂರ್ವ ಉಪನಗರ ಕಾಂಜೂರ್‌ಮಾರ್ಗಕ್ಕೆ ಒಯ್ಯುವ ಮತ್ತು ಆರೆಯ 800 ಎಕರೆಯನ್ನು ಮೀಸಲು ಅರಣ್ಯವಾಗಿಸುವ ಘೋಷಣೆ ಹೊರಬಿತ್ತು.

ಆ ಗೆಲುವು ಪೂರ್ಣವಾಗಿ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಕಾಂಜೂರ್‌ಮಾರ್ಗದ ಕೆಲಸಕ್ಕೆ ತಡೆಯಾಜ್ಞೆ ನೀಡಿತು. 2022ರಲ್ಲಿ ಬಂದ ಶಿಂದೆ ಸರಕಾರ ಡಿಪೊವನ್ನು ಆರೆಗೇ ಮರಳಿಸಿತು. ತಾನು ಮೊದಲು 84 ಮರಗಳಿಗಷ್ಟೇ ಕೊಟ್ಟಿದ್ದ ಅನುಮತಿಯನ್ನು ಮೀರಲೆತ್ನಿಸಿದ್ದಕ್ಕೆ ಮೆಟ್ರೊ ನಿಗಮದ ಮೇಲೆ ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಿತಾದರೂ, 177 ಮರಗಳನ್ನು ತೆಗೆಯಲು ಒಪ್ಪಿತು. 2024ರ ಅಕ್ಟೋಬರ್‌ನಲ್ಲಿ ಆ ಮಾರ್ಗದ ಮೊದಲ ಹಂತ ಸಂಚಾರಕ್ಕೆ ತೆರೆಯಿತು. ಒಂದು ಕಾಲಕ್ಕೆ ಹೈನುಗಾರಿಕೆಯ ಭೂಮಿ ಎಂದಷ್ಟೇ ನಮೂದಾಗಿದ್ದ ಆರೆಯ 800ಕ್ಕೂ ಹೆಚ್ಚು ಎಕರೆ ಮಾತ್ರ 2021ರಲ್ಲೇ ಅರಣ್ಯ ಇಲಾಖೆಯ ಸ್ವಾಧೀನಕ್ಕೆ ಬಂದಿತ್ತು.