ಮೈ ಎಂಟು, ತಲೆ ಒಂದು

ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ ಈಥರ್ನೆಟ್ ಸ್ವಿಚ್. ಸ್ಟ್ಯಾಕ್ ಮಾಡಲು, ಅಂದರೆ ಹಲವನ್ನು ಸೇರಿಸಿ ಒಂದಾಗಿಸಲು ಬರುವ ಎಷ್ಟೋ ಸ್ವಿಚ್ಚುಗಳ ಬೆನ್ನಿಗೆ ಎರಡು ವಿಚಿತ್ರ ಕಿಂಡಿಗಳಿರುತ್ತವೆ. ಮುಂಭಾಗದ 48 ಪೋರ್ಟುಗಳಿಗೆ ಹಾಕುವ ಯಾವ ಕೇಬಲ್ಲೂ ಅವುಗಳಲ್ಲಿ ಕೂರುವುದಿಲ್ಲ. ಅವಕ್ಕೆಂದೇ ದಪ್ಪನೆಯ ಗಿಡ್ಡ ಕೇಬಲ್ ಬರುತ್ತದೆ, ಹಲವು ಸಲ ಅರ್ಧ ಮೀಟರಿನಷ್ಟೇ ಉದ್ದ. ಮೇಲಿನ ಪೆಟ್ಟಿಗೆಯಿಂದ ಕೆಳಗಿನದಕ್ಕೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಕೊನೆಯದರಿಂದ ಮತ್ತೆ ಮೊದಲನೆಯದಕ್ಕೆ ಉಂಗುರದಂತೆ ಸಿಕ್ಕಿಸಿ ಕರೆಂಟ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಎಂಟು ಪೆಟ್ಟಿಗೆ ಒಂದಾಗಿಬಿಡುತ್ತವೆ. ಒಂದು ಹೆಸರು, ಒಂದು ಐಪಿ ವಿಳಾಸ, ಒಂದು ಕಾನ್ಫಿಗರೇಶನ್. ನೋಡಿಕೊಳ್ಳುವವರ ಕಣ್ಣಿಗೆ ಅದು 384 ಪೋರ್ಟುಗಳ ಒಂದೇ ಸ್ವಿಚ್.

ಈ ಸೌಕರ್ಯಕ್ಕೆ ಯಾರಾದರೂ ಮನಸೋಲುತ್ತಾರೆ. ಆದರೆ ಕೊಳ್ಳುವ ಮುನ್ನ ಒಂದು ಗಳಿಗೆ ನಿಲ್ಲಬೇಕು. ಒಂದಾಗಿ ಬದುಕುವ ಅನುಕೂಲ, ಒಟ್ಟಿಗೇ ಮುಳುಗುವ ಅಪಾಯ, ಎರಡೂ ಬರುವುದು ಆ ಒಂದೇ ಗಿಡ್ಡ ಕೇಬಲ್ಲಿನಲ್ಲಿ. ಕಚೇರಿಯ ಮಹಡಿಯೊಂದರಲ್ಲಿ ಎರಡನೆಯದನ್ನು ಸಹಿಸಿಕೊಳ್ಳಬಹುದು. ಡೇಟಾ ಸೆಂಟರಿನಲ್ಲಿ ಸಾಮಾನ್ಯವಾಗಿ ಆಗದು.

ಏಕೆ ಎಂದು ತಿಳಿಯಲು ಸ್ವಿಚ್ಚಿನ ಒಳಗೆ ಸ್ವಲ್ಪ ಇಣುಕಬೇಕು. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ 1973ರಲ್ಲಿ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಈಥರ್ನೆಟ್ಟನ್ನು ರೂಪಿಸತೊಡಗಿದಾಗ ಸ್ವಿಚ್ ಎಂಬುದೇ ಇರಲಿಲ್ಲ. ಇದ್ದದ್ದು ಎಲ್ಲ ಕಂಪ್ಯೂಟರುಗಳೂ ಹಂಚಿಕೊಳ್ಳುವ ಒಂದು ಉದ್ದನೆಯ ತಂತಿ, ಅದರ ಮೇಲೆ ಸೆಕೆಂಡಿಗೆ 2.94 ಮೆಗಾಬಿಟ್ ವೇಗ. ಒಬ್ಬರು ಮಾತಾಡಿದರೆ ಉಳಿದವರು ಸುಮ್ಮನಿರಬೇಕು. ಇಬ್ಬರು ಒಮ್ಮೆಗೇ ಬಾಯಿ ತೆರೆದರೆ ಇಬ್ಬರ ಮಾತೂ ಹಾಳು. 1990ರಲ್ಲಿ ಕಲ್ಪನಾ ಎಂಬ ಕಂಪನಿ ಏಳು ಪೋರ್ಟುಗಳ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಯಾವ ಪೋರ್ಟಿನ ಆಚೆ ಯಾರಿದ್ದಾರೆ ಎಂಬುದನ್ನು ನೆನಪಿಟ್ಟುಕೊಂಡು, ಬಂದ ಫ್ರೇಮನ್ನು (ದತ್ತಾಂಶದ ಒಂದು ಕಂತೆ) ಸೇರಬೇಕಾದವರಿಗೆ ಮಾತ್ರ ದಾಟಿಸುವ ಪೆಟ್ಟಿಗೆ ಅದು. ನಾಲ್ಕು ವರ್ಷಕ್ಕೆ ಸಿಸ್ಕೊ ಆ ಕಂಪನಿಯನ್ನೇ ಕೊಂಡಿತು.

ಇಂದಿನ ಸ್ವಿಚ್ಚಿನ ಕೆಲಸವೂ ಅದೇ, ಬದಲಾಗಿರುವುದು ವೇಗ. 10 ಗಿಗಾಬಿಟ್ ಪೋರ್ಟಿನಲ್ಲಿ ಅತಿ ಚಿಕ್ಕ ಫ್ರೇಮುಗಳು ಒಂದರ ಹಿಂದೊಂದು ಬಂದರೆ ಸೆಕೆಂಡಿಗೆ ಸುಮಾರು 1.49 ಕೋಟಿ. ಒಂದಕ್ಕೆ ಸಿಗುವ ಕಾಲ 67 ನ್ಯಾನೊಸೆಕೆಂಡು. ಅಷ್ಟರಲ್ಲಿ ಗಾಜಿನ ಎಳೆಯೊಳಗಿನ ಬೆಳಕು ದಾಟುವುದು ಹದಿಮೂರು ಮೀಟರು ಚಿಲ್ಲರೆ. ಅಂಥ 48 ಪೋರ್ಟುಗಳನ್ನು ಸಂಭಾಳಿಸುವುದು ಯಾವ ಸಾಮಾನ್ಯ ಪ್ರೊಸೆಸರಿನ ಕೈಲೂ ಆಗದ ಮಾತು. ಅದಕ್ಕೇ ಸ್ವಿಚ್ಚಿನೊಳಗೆ ಎರಡು ಬೇರೆ ಬೇರೆ ಲೋಕಗಳಿವೆ. ಫ್ರೇಮುಗಳನ್ನು ದಾಟಿಸುವುದು ಅದಕ್ಕೆಂದೇ ಮಾಡಿದ ಚಿಪ್ಪು, ಅಂದರೆ ಕೈಗಳು. ದಾರಿ ಯಾವುದು, ಯಾರು ನೆರೆಯವರು, ಯಾವ ಪೋರ್ಟ್ ಮುಚ್ಚಬೇಕು ಎಂದು ತೀರ್ಮಾನಿಸುವುದು ಪಕ್ಕದಲ್ಲಿರುವ ಸಾಧಾರಣ ಪ್ರೊಸೆಸರ್ ಮತ್ತು ಅದರ ತಂತ್ರಾಂಶ, ಅಂದರೆ ತಲೆ. ಸ್ಟ್ಯಾಕ್ ಮಾಡಿದಾಗ ಕೈಗಳೆಲ್ಲ ಹಾಗೇ ಉಳಿಯುತ್ತವೆ. ಒಂದು ತಲೆ ಮಾತ್ರ ಎಲ್ಲರ ಪರವಾಗಿ ಯೋಚಿಸತೊಡಗುತ್ತದೆ.

ಇಂಥದ್ದೊಂದು ಏರ್ಪಾಡಿನ ಮೇಲೆ ಅಷ್ಟು ಆಸೆ ಹುಟ್ಟಿದ್ದಕ್ಕೆ ಈಥರ್ನೆಟ್ಟಿನ ಒಂದು ಹುಟ್ಟುದೋಷವೂ ಕಾರಣ. ಫ್ರೇಮಿನೊಳಗೆ ಕೂತು ಹೋಗುವ ಐಪಿ ಪ್ಯಾಕೆಟ್ಟಿಗೆ ಆಯುಷ್ಯವಿದೆ: ಜಾಲದಿಂದ ಜಾಲಕ್ಕೆ ಸಾಗಿಸುವ ಪ್ರತಿ ರೂಟರ್ ದಾಟುವಾಗ ಒಂದು ಅಂಕಿ ಕಡಿಮೆಯಾಗುತ್ತ ಸೊನ್ನೆಗೆ ಬಂದರೆ ಪ್ಯಾಕೆಟ್ ಸಾಯುತ್ತದೆ. ಈಥರ್ನೆಟ್ ಫ್ರೇಮಿಗೆ ಅಂಥ ಆಯುಷ್ಯವೇ ಬರೆದಿಲ್ಲ. ಎರಡು ಸ್ವಿಚ್ಚುಗಳ ನಡುವೆ ಸುರಕ್ಷತೆಗೆಂದು ಎರಡು ಕೇಬಲ್ ಎಳೆದಿರೋ, ಎಲ್ಲರಿಗೂ ಎಂದು ಹೊರಟ ಒಂದೇ ಫ್ರೇಮು ಆ ಸುತ್ತಿನಲ್ಲಿ ಸಿಕ್ಕಿಕೊಂಡು ಗಾಣದೆತ್ತಿನಂತೆ ತಿರುಗುತ್ತಲೇ ಇರುತ್ತದೆ. ಸ್ವಿಚ್ಚುಗಳು ಮೂರು ನಾಲ್ಕಾದರೆ ತಿರುಗುತ್ತ ಮರಿಯನ್ನೂ ಹಾಕುತ್ತದೆ. ಕ್ಷಣಗಳಲ್ಲಿ ಇಡೀ ಜಾಲ ಕಟ್ಟಿಕೊಳ್ಳುತ್ತದೆ.

ಇದಕ್ಕೆ ಮದ್ದು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್, 1985ರಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನಲ್ಲಿದ್ದಾಗ. ಸ್ಪ್ಯಾನಿಂಗ್ ಟ್ರೀ ಎಂಬ ಅವರ ವಿಧಾನದಲ್ಲಿ ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸುತ್ತು ಮೂಡಿಸುವ ಕೊಂಡಿಗಳನ್ನು ಮುಚ್ಚಿ, ಜಾಲವನ್ನು ಮರದಂತೆ ಮಾಡಿಕೊಳ್ಳುತ್ತವೆ. (ಈ ವಿಧಾನವನ್ನು ವಿವರಿಸಿದ ಲೇಖನಕ್ಕೆ ಪರ್ಲ್‌ಮನ್ ಒಂದು ಪದ್ಯವನ್ನೂ ಬರೆದು ಸೇರಿಸಿದ್ದರು. ಪ್ರೋಟೊಕಾಲ್ ಬರೆಯುವವರಲ್ಲಿ ಈ ಅಭ್ಯಾಸ ಅಷ್ಟಾಗಿ ಮುಂದುವರಿಯಲಿಲ್ಲ, ಪಾಪ ನಾವು.) ಮದ್ದು ಕೆಲಸ ಮಾಡಿತು, ಆದರೆ ಕಹಿ. ಎರಡು ಕೇಬಲ್ ಹಾಕಿದರೆ ಒಂದು ಸುಮ್ಮನೆ ಬಿದ್ದಿರುತ್ತದೆ. ದುಡಿಯುತ್ತಿದ್ದದ್ದು ತುಂಡಾದರೆ ಹಳೆಯ ಸ್ಪ್ಯಾನಿಂಗ್ ಟ್ರೀಗೆ ಚೇತರಿಸಿಕೊಳ್ಳಲು 30ರಿಂದ 50 ಸೆಕೆಂಡು ಬೇಕಿತ್ತು. ಅಳತೆ ಮೀರಿ ಬೆಳೆದ ಜಾಲದಲ್ಲಿ ಅದೂ ಕೈಕೊಡುತ್ತಿತ್ತು. 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಹೀಗೇ ಕುಸಿದು, ವೈದ್ಯರೂ ದಾದಿಯರೂ ಕೆಲವು ದಿನ ಮತ್ತೆ ಕಾಗದ ಪೆನ್ನಿಗೆ ಮರಳಬೇಕಾಯಿತು.

ಸ್ಟ್ಯಾಕ್ ಈ ಕಹಿಯನ್ನು ಜಾಣತನದಿಂದ ತಪ್ಪಿಸುತ್ತದೆ. ಎರಡು ಪೆಟ್ಟಿಗೆ ಹೊರಗಿನವರಿಗೆ ಒಂದೇ ಸ್ವಿಚ್ಚಾಗಿ ಕಂಡರೆ, ಸರ್ವರಿನಿಂದ ಎರಡಕ್ಕೂ ಒಂದೊಂದು ಕೇಬಲ್ ಎಳೆದು ಎರಡನ್ನೂ ಕಟ್ಟಿ ಒಂದೇ ದಪ್ಪ ಕೊಂಡಿ ಮಾಡಬಹುದು. ಹೀಗೆ ಕೊಂಡಿ ಕಟ್ಟುವ ಎಲ್‌ಎಸಿಪಿ 2000ದಿಂದಲೂ ಎಲ್ಲ ತಯಾರಕರೂ ಒಪ್ಪಿದ ಮಾನಕ. ಸುತ್ತಿಲ್ಲ, ಮುಚ್ಚುವ ಮಾತಿಲ್ಲ, ಎರಡೂ ಕೇಬಲ್ ದುಡಿಯುತ್ತವೆ, ಒಂದು ಪೆಟ್ಟಿಗೆ ಸುಟ್ಟುಹೋದರೂ ಇನ್ನೊಂದರ ದಾರಿ ತೆರೆದೇ ಇರುತ್ತದೆ.

ಇಲ್ಲಿಯವರೆಗೆ ಎಲ್ಲ ಚೆನ್ನ. ಈಗ ತಲೆಯ ಕಡೆ ನೋಡೋಣ.

ಉಂಗುರ ಜೋಡಿಸಿದ ಪೆಟ್ಟಿಗೆಗಳು ಮೊದಲು ಮಾಡುವುದು ಚುನಾವಣೆ. ನಾವು ಬರೆದಿಟ್ಟ ಆದ್ಯತೆಯ ಅಂಕಿ ನೋಡಿ, ಅದರಲ್ಲಿ ಸಮಬಂದರೆ ಬೇರೆ ಲಕ್ಷಣ ನೋಡಿ, ಒಂದನ್ನು ಯಜಮಾನನನ್ನಾಗಿ ಆರಿಸುತ್ತವೆ. ಇನ್ನೊಂದು ಉತ್ತರಾಧಿಕಾರಿಯಾಗಿ ಕಾಯುತ್ತದೆ. ಯಜಮಾನ ಹಟಾತ್ತನೆ ಸತ್ತರೆ ಉತ್ತರಾಧಿಕಾರಿ ಪಟ್ಟಕ್ಕೆ ಬರುತ್ತದೆ, ಒಳ್ಳೆಯ ಸ್ಟ್ಯಾಕಿನಲ್ಲಿ ಕೈಗಳಿಗೆ ಅದು ಗೊತ್ತೂ ಆಗುವುದಿಲ್ಲ. ಪೆಟ್ಟಿಗೆ ಸಾಯುವುದಕ್ಕೆ ಸ್ಟ್ಯಾಕ್ ಚೆನ್ನಾಗಿಯೇ ತಯಾರಾಗಿರುತ್ತದೆ. ತಯಾರಾಗಿರದೆ ಇರುವುದು ತಲೆ ಕೆಡುವುದಕ್ಕೆ. ತಂತ್ರಾಂಶದ ಒಂದು ದೋಷ ಯಜಮಾನನನ್ನು ಬೀಳಿಸಿದರೆ, ಅದೇ ತಂತ್ರಾಂಶ, ಅದೇ ಸ್ಥಿತಿಯನ್ನು ಹೊತ್ತು ಪಟ್ಟಕ್ಕೆ ಬಂದ ಉತ್ತರಾಧಿಕಾರಿಯೂ ಅದೇ ಕಲ್ಲಿಗೆ ಎಡವಬಹುದು. ತಪ್ಪಾಗಿ ಟೈಪು ಮಾಡಿದ ಒಂದು ಸಾಲು ಎಂಟೂ ಪೆಟ್ಟಿಗೆಗಳಿಗೆ ಒಂದೇ ಕ್ಷಣದಲ್ಲಿ ತಲುಪುತ್ತದೆ.

ಇನ್ನು ಉಂಗುರವೇ ಎರಡು ಕಡೆ ತುಂಡಾದರೆ? ಅತ್ತ ಒಂದು ಗುಂಪು, ಇತ್ತ ಒಂದು ಗುಂಪು, ಎರಡಕ್ಕೂ ತಾನೇ ಪೂರ್ತಿ ಸ್ಟ್ಯಾಕ್ ಎಂಬ ನಂಬಿಕೆ. ಎರಡೂ ಒಂದೇ ಐಪಿ ವಿಳಾಸ ಹಿಡಿದು ನಿಲ್ಲುತ್ತವೆ. ಕೆಲವು ತಯಾರಕರ ಪೆಟ್ಟಿಗೆಗಳಲ್ಲಿ ಸದಸ್ಯರು ಹೆಚ್ಚಿರುವ ಗುಂಪು ಉಳಿದು ಇನ್ನೊಂದು ತಾನಾಗಿ ಬಾಯಿ ಮುಚ್ಚುತ್ತದೆ. ಎರಡೇ ಪೆಟ್ಟಿಗೆಯ ಸ್ಟ್ಯಾಕಿನಲ್ಲಿ ಬಹುಮತ ಎಲ್ಲಿಂದ ಬರಬೇಕು? ಅದಕ್ಕೆ ಸ್ಟ್ಯಾಕ್ ಕೇಬಲ್ಲಿಗೆ ಸಂಬಂಧಪಡದ ಬೇರೊಂದು ದಾರಿಯಲ್ಲಿ ‘ನೀನಿನ್ನೂ ಇದ್ದೀಯಾ?’ ಎಂದು ಕೇಳುವ ವ್ಯವಸ್ಥೆ ಬೇಕು. ಕೊಳ್ಳುವಾಗ ಇದನ್ನು ಕೇಳುವವರು ಕಡಿಮೆ.

ಎಲ್ಲಕ್ಕಿಂತ ದೊಡ್ಡ ತೊಡಕು ಅಪಘಾತವೇ ಅಲ್ಲ, ಮಾಮೂಲಿ ಕೆಲಸ: ತಂತ್ರಾಂಶ ನವೀಕರಣ. ಸ್ಟ್ಯಾಕಿನ ಸದಸ್ಯರೆಲ್ಲ ಸಾಮಾನ್ಯವಾಗಿ ಒಂದೇ ಆವೃತ್ತಿಯಲ್ಲಿರಬೇಕು. ಹಾಗಾಗಿ ಅನೇಕ ಸ್ಟ್ಯಾಕುಗಳಲ್ಲಿ ನವೀಕರಣ ಎಂದರೆ ಎಲ್ಲವೂ ಒಟ್ಟಿಗೆ ಮಲಗಿ ಒಟ್ಟಿಗೆ ಏಳುವುದು. ಕಚೇರಿಯಲ್ಲಿ ರಾತ್ರಿ ಹತ್ತು ನಿಮಿಷ ಜಾಲವಿಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಡೇಟಾ ಸೆಂಟರಿನಲ್ಲಿ ಸರ್ವರಿಗೆ ಎರಡೆರಡು ಕೇಬಲ್ ಎಳೆದದ್ದೇ ಆ ಹತ್ತು ನಿಮಿಷ ಬರಬಾರದೆಂದು. ಎರಡೂ ಹೋಗಿ ಸೇರಿದ್ದು ಒಂದೇ ತಲೆಗೆ. ಅಡ್ಡಿಯಿಲ್ಲದೆ ನವೀಕರಿಸುತ್ತೇವೆಂದು ಹೇಳುವ ಸ್ಟ್ಯಾಕುಗಳೂ ಇವೆ. ಯಾವ ಆವೃತ್ತಿಯಿಂದ ಯಾವ ಆವೃತ್ತಿಗೆ ಹಾಗೆ ಹೋಗಬಹುದು ಎಂಬ ಪಟ್ಟಿಯನ್ನು ಕೇಳಿ ಓದಿ.

ಇದಕ್ಕೇ ಡೇಟಾ ಸೆಂಟರಿನ ಮಂದಿ ಬೇರೆ ಉಪಾಯ ಮಾಡಿಕೊಂಡಿದ್ದಾರೆ, ಎಂಲ್ಯಾಗ್ ಎಂದು. ಸಿಸ್ಕೊದವರು ತಮ್ಮದನ್ನು ವಿಪಿಸಿ ಎನ್ನುತ್ತಾರೆ. ಎರಡು ಸ್ವಿಚ್ಚುಗಳಿಗೆ ಎರಡು ತಲೆಗಳೇ ಇರುತ್ತವೆ, ಎರಡು ಕಾನ್ಫಿಗರೇಶನ್, ಎರಡು ಐಪಿ ವಿಳಾಸ. ಸರ್ವರಿನ ಎದುರು ನಿಂತಾಗ ಮಾತ್ರ ಒಂದೇ ಮುಖ ತೋರಿಸುತ್ತವೆ. ಒಂದನ್ನು ಇಂದು ನವೀಕರಿಸಿ, ವಾರ ನೋಡಿ, ಇನ್ನೊಂದನ್ನು ಆಮೇಲೆ ಮಾಡಬಹುದು. ಬದಲಿಗೆ ತೆರಬೇಕಾದದ್ದು ಎಲ್ಲವನ್ನೂ ಎರಡು ಸಲ ಬರೆಯುವ ಬೇಸರ, ಎರಡರ ನಡುವೆ ವ್ಯತ್ಯಾಸ ಉಳಿದುಬಿಡುವ ಭಯ. ಆ ಬೇಸರವನ್ನು ಸ್ಕ್ರಿಪ್ಟುಗಳ ಕೈಗೆ ಕೊಟ್ಟ ದಿನದಿಂದ ಸ್ಟ್ಯಾಕಿನ ದೊಡ್ಡ ಆಕರ್ಷಣೆಯೇ ಮಾಸಿತು ಎಂಬುದು ನನ್ನ ಎಣಿಕೆ: ನೂರು ಸ್ವಿಚ್ಚುಗಳಿಗೆ ಒಂದೇ ಟೆಂಪ್ಲೇಟಿನಿಂದ ಕಾನ್ಫಿಗರೇಶನ್ ಹೊರಡುವಾಗ, ಎಂಟನ್ನು ಒಂದಾಗಿಸಿ ಉಳಿಸುವುದೇನು?

ದೊಡ್ಡ ಕೇಂದ್ರಗಳು ಇನ್ನೂ ಮುಂದೆ ಹೋಗಿವೆ. ಚಾರ್ಲ್ಸ್ ಕ್ಲಾಸ್ 1953ರಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ ಲೆಕ್ಕ ಹಾಕಿದ್ದ ವಿನ್ಯಾಸವೊಂದನ್ನು ಹೊರತೆಗೆದು, ಪ್ರತಿ ಸರ್ವರ್ ಕಪಾಟಿನ, ಅಂದರೆ ರ‍್ಯಾಕಿನ ಸ್ವಿಚ್ಚನ್ನೂ ಮೇಲಿನ ಎಲ್ಲ ಬೆನ್ನೆಲುಬು ಸ್ವಿಚ್ಚುಗಳಿಗೆ ಜೋಡಿಸುತ್ತಾರೆ. ನಡುವೆ ಓಡಾಡುವುದು ಐಪಿ, ಆಯುಷ್ಯವಿರುವ ಪ್ಯಾಕೆಟ್. ಸುತ್ತಿನ ಭಯ ಇಲ್ಲ, ಎಲ್ಲ ದಾರಿಗಳೂ ಏಕಕಾಲಕ್ಕೆ ಬಳಕೆಯಲ್ಲಿ. ಬೆನ್ನೆಲುಬಿನ ನಾಲ್ಕರಲ್ಲಿ ಒಂದು ಕೆಟ್ಟರೆ ಹೋಗುವುದು ಕಾಲುಭಾಗ ಸಾಮರ್ಥ್ಯ, ಅಷ್ಟೆ.

ಹಾಗಾದರೆ ಸ್ಟ್ಯಾಕಿಗೆ ಡೇಟಾ ಸೆಂಟರಿನಲ್ಲಿ ಜಾಗವೇ ಇಲ್ಲವೆ? ಇದೆ. ಸರ್ವರುಗಳನ್ನು ದೂರದಿಂದ ಆನ್ ಆಫ್ ಮಾಡುವ, ಅವುಗಳ ಆರೋಗ್ಯ ನೋಡುವ ಒಂದು ಪ್ರತ್ಯೇಕ ನಿರ್ವಹಣಾ ಜಾಲ ಇರುತ್ತದಲ್ಲ, 1 ಗಿಗಾಬಿಟ್ಟಿನದು, ಅದಕ್ಕೆ ಸ್ಟ್ಯಾಕ್ ಹೇಳಿಮಾಡಿಸಿದಂತಿದೆ. ಪೋರ್ಟುಗಳು ಬಹಳ, ಸಂಚಾರ ಕಡಿಮೆ, ಹತ್ತು ನಿಮಿಷ ಇಲ್ಲದಿದ್ದರೆ ಲೋಕ ಮುಳುಗದು. ಎರಡು ಮೂರು ರ‍್ಯಾಕುಗಳ ಕೋಣೆಯನ್ನು ಒಬ್ಬರೇ ನೋಡಿಕೊಳ್ಳುವಲ್ಲೂ ಸರಿಯೇ, ರಾತ್ರಿಯ ವಿರಾಮಕ್ಕೆ ಒಪ್ಪಿಗೆ ಇದ್ದರೆ.

ಕೊಳ್ಳುವುದೆಂದು ತೀರ್ಮಾನಿಸಿದ ಮೇಲೆ ಅಂಕಿಗಳ ಪಟ್ಟಿ ಮುಂದೆ ಬರುತ್ತದೆ. ಸಾಮರ್ಥ್ಯದ ಅಂಕಿಯನ್ನು ಹೆಚ್ಚಿನವರು ಹೋಗುವ ಬರುವ ಎರಡೂ ದಿಕ್ಕು ಕೂಡಿಸಿ ಬರೆಯುತ್ತಾರೆ. ಅರ್ಧ ಮಾಡಿ ಓದಿ. ಸ್ಟ್ಯಾಕ್ ಉಂಗುರದ ಅಂಕಿಯನ್ನು ಇನ್ನೂ ಅನುಮಾನದಿಂದ ನೋಡಬೇಕು. ಎಂಟರ ಉಂಗುರದಲ್ಲಿ ಅತಿ ದೂರದ ಸದಸ್ಯ ನಾಲ್ಕು ಹೆಜ್ಜೆ ಆಚೆ. ಒಂದು ಕೇಬಲ್ ತುಂಡಾದರೆ ಅದೇ ಏಳು ಹೆಜ್ಜೆ, ಎಲ್ಲರ ಸಂಚಾರವೂ ಉಳಿದ ಒಂದೇ ದಾರಿಯಲ್ಲಿ. ಹೊರಹೋಗುವ ಕೊಂಡಿಗಳನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕಿದವರಿಗೆ ಇದು ಬೇಗ ಅರಿವಾಗುತ್ತದೆ. ರ‍್ಯಾಕಿನ ಸ್ವಿಚ್ಚಿನಲ್ಲಿ ಕೆಳಗೆ ಸರ್ವರುಗಳ ಕಡೆಗೆ 25 ಗಿಗಾಬಿಟ್ಟಿನ 48 ಪೋರ್ಟ್, ಮೇಲಕ್ಕೆ ಬೆನ್ನೆಲುಬಿನ ಕಡೆಗೆ 100ರ ಆರು ಇದ್ದರೆ 1200ಕ್ಕೆ 600, ಅಂದರೆ ಎರಡಕ್ಕೆ ಒಂದು. ಬಹುತೇಕ ಕೆಲಸಗಳಿಗೆ ಸಾಕು.

ಪಟ್ಟಿಯಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುವ, ಆದರೆ ಜಾಸ್ತಿ ಕಾಡುವ ಅಂಕಿ ಬಫರ್, ಅಂದರೆ ಸರದಿ ಬರುವವರೆಗೆ ಫ್ರೇಮುಗಳು ಕಾಯುವ ಜಾಗ. ಒಂದು ಸರ್ವರ್ ನಲವತ್ತು ಸರ್ವರುಗಳಿಗೆ ಒಂದೇ ಪ್ರಶ್ನೆ ಕೇಳಿತು ಎನ್ನಿ. ನಲವತ್ತೂ ಒಮ್ಮೆಗೇ 64 ಕಿಲೊಬೈಟ್ ಉತ್ತರ ಕಳಿಸಿದರೆ 2.5 ಮೆಗಾಬೈಟಿನಷ್ಟು ದತ್ತಾಂಶ ಒಂದೇ 10 ಗಿಗಾಬಿಟ್ ಪೋರ್ಟಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದು ಹೊರಗೆ ಹೋಗಲು ಎರಡು ಮಿಲಿಸೆಕೆಂಡು ಬೇಕು, ಅಲ್ಲಿಯವರೆಗೆ ಬಫರಿನಲ್ಲಿ ಕಾಯಬೇಕು. ಜಾಗ ಸಾಲದೆ ಉತ್ತರವೊಂದರ ಬಾಲ ಬಿದ್ದುಹೋದರೆ ದತ್ತಾಂಶ ತಲುಪುವಂತೆ ನೋಡಿಕೊಳ್ಳುವ ಲಿನಕ್ಸಿನ ಟಿಸಿಪಿ ಮತ್ತೆ ಕಳಿಸುವ ಮುನ್ನ ಕನಿಷ್ಠ 200 ಮಿಲಿಸೆಕೆಂಡು ಕಾಯಬಹುದು. ಎರಡರ ಕೆಲಸಕ್ಕೆ ಇನ್ನೂರು! ಸರಾಸರಿ ಬಳಕೆಯ ನಕ್ಷೆ ನೋಡಿದರೆ ಪೋರ್ಟ್ ಖಾಲಿಯೇ ಕಾಣುತ್ತಿರುತ್ತದೆ. ಐದು ನಿಮಿಷದ ಸರಾಸರಿಯಲ್ಲಿ ಎರಡು ಮಿಲಿಸೆಕೆಂಡಿನ ನೂಕುನುಗ್ಗಲು ಎಲ್ಲಿ ಕಾಣಬೇಕು.

ಗಾಳಿಯ ದಿಕ್ಕನ್ನೂ ಕೇಳಲು ಮರೆಯಬಾರದು. ಸರ್ವರುಗಳ ಜಾಲದ ಪೋರ್ಟುಗಳು ಹಿಂಬದಿಗೆ ಇರುವುದರಿಂದ ಸ್ವಿಚ್ಚನ್ನೂ ಪೋರ್ಟು ಹಿಂದಕ್ಕೆ ಬರುವಂತೆ ಕೂರಿಸುತ್ತಾರೆ. ಆಗ ಅದರ ಫ್ಯಾನುಗಳು ಪೋರ್ಟಿನ ಕಡೆಗೆ ಗಾಳಿ ಹೊರಹಾಕುವಂಥವಾಗಿರಬೇಕು. ತಿರುಗಾಮುರುಗಾ ಆದರೆ ಸರ್ವರುಗಳು ಉಗುಳಿದ ಬಿಸಿಗಾಳಿಯನ್ನೇ ಸ್ವಿಚ್ ಕುಡಿಯುತ್ತ ಕೂರುತ್ತದೆ. ಕಚೇರಿಗೆಂದು ಮಾಡಿದ ಸ್ಟ್ಯಾಕ್ ಸ್ವಿಚ್ಚುಗಳಲ್ಲಿ ಈ ಆಯ್ಕೆ ಎಷ್ಟೋ ಸಲ ಇರುವುದೇ ಇಲ್ಲ.

ಕೊನೆಗೆ, ಮಾರುವವರಿಂದ ಎರಡು ಮೂರು ಪೆಟ್ಟಿಗೆ ಪರೀಕ್ಷೆಗೆ ತರಿಸಿಕೊಳ್ಳಿ. ಒಂದು ಸರ್ವರನ್ನು ಎರಡು ಪೆಟ್ಟಿಗೆಗಳಿಗೆ ಜೋಡಿಸಿ, ಸೆಕೆಂಡಿಗೆ ನೂರರಂತೆ ಪಿಂಗ್ (‘ಇದ್ದೀಯಾ?’ ಎಂದು ಕೇಳಿ ಉತ್ತರ ಪಡೆಯುವ ಪುಟ್ಟ ಸಂದೇಶ) ಹಚ್ಚಿ, ಯಜಮಾನನ ಕರೆಂಟ್ ಕಿತ್ತು ಎಷ್ಟು ಉತ್ತರ ತಪ್ಪಿದವು ಎಣಿಸಿ. ಆಮೇಲೆ ಸ್ಟ್ಯಾಕ್ ಕೇಬಲ್ಲುಗಳನ್ನು ಒಂದೊಂದಾಗಿ ಕೀಳಿ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ನಿಜವಾದ ಪರೀಕ್ಷೆ ಕಿತ್ತದ್ದನ್ನು ಮರಳಿ ಸೇರಿಸುವಾಗ. ಆನ್ ಆಗಿಯೇ ಇರುವ ಪೆಟ್ಟಿಗೆಯನ್ನು ಓಡುತ್ತಿರುವ ಸ್ಟ್ಯಾಕಿಗೆ ಸಿಕ್ಕಿಸಿದರೆ ಎರಡು ಯಜಮಾನರು ಎದುರುಬದುರಾಗುತ್ತಾರೆ, ಮತ್ತೆ ಚುನಾವಣೆ, ಸೋತ ಪಕ್ಷದ ಪೆಟ್ಟಿಗೆಗಳೆಲ್ಲ ರೀಬೂಟ್. ಹೊಸತಾಗಿ ಬಂದ ಒಂಟಿ ಪೆಟ್ಟಿಗೆಯ ಆದ್ಯತೆಯ ಅಂಕಿ ದೊಡ್ಡದಿದ್ದರೆ ಸೋಲುವುದು ಓಡುತ್ತಿದ್ದ ಏಳು. ಮೊದಲು ಕೇಬಲ್, ಆಮೇಲೆ ಕರೆಂಟ್.